ಐದರಾಗ ನಾಕು ನಮ್ಮ ಮನ್ಯಾಗೇ ಇದ್ದವು

ಈಗ ಯಾವ ಮಂಗಲ ಕಾರ್ಯಾಲಯಕ್ಕ ಹೋದ್ರೂ ಬಾಗಲದಾಗೇ ಒಂದ್ ಗ್ಲಾಸ್ ಕೈಗೆ ಕೊಡ್ತಾರ. ಅನಾನಸ್ ರಸ, ಮ್ಯಾಲ ಲಿಂಬಿ ಹೋಳು, ಪುದೀನಾ ಎಲಿ. ಹುಡುಗ್ಯಾರು ಅದಕ್ಕ ಪಂಚ್ ಅಂತಾರ, ಮಾಕ್‌ಟೇಲ್ ಅಂತಾರ. ನಮ್ಮ ವಯಸ್ಸಿನವರು "ಇದರಾಗ ಏನರ ಹಾಕ್ಯಾರೇನೋ" ಅಂತ ಮೂಸಿ ನೋಡಿ ಕೆಳಗಿಡ್ತೀವಿ. ಆದ್ರ ಅಕ್ಕಗೋಳ್ರ್ಯಾ, ಈ ಪಂಚ್ ಹುಟ್ಟಿದ್ದು ಅಮೇರಿಕಾದಾಗ ಅಲ್ಲ. ನಮ್ಮ ಹಿಂದೂಸ್ತಾನದ ಕಡಲ ದಂಡಿ ಮ್ಯಾಲ.

ಈಸ್ಟ್ ಇಂಡಿಯಾ ಕಂಪನಿಯವರು ವ್ಯಾಪಾರಕ್ಕ ಬಂದಾಗ ಹಡಗಿನಾಗ ಬಿಯರು, ವೈನು ತರತಿದ್ರು. ತಿಂಗಳಾನುಗಟ್ಟಲೆ ಬಿಸಲಾಗ ಬರೋದ್ರಾಗ ಅದು ಕೆಟ್ಟು ಹುಳಿ ಆಗತಿತ್ತು. ಇಲ್ಲಿ ಇಳದ ಮ್ಯಾಲ ಅವರಿಗೆ ಸಿಕ್ಕಿದ್ದು ಹೆಂಡ ಭಟ್ಟಿ ಇಳಿಸಿ ಮಾಡಿದ ಸರಾಯಿ. ಅದರ ಉರಿ ತಡೀಲಾರದ ಲಿಂಬಿ ರಸ, ಸಕ್ಕರಿ, ನೀರು, ಮಸಾಲಿ ಬೆರಸಿ ಕುಡಿಯೋದು ಕಲಿತ್ರು. ಪಂಚ್ ಅನ್ನೋ ಹೆಸರು ಇಂಗ್ಲಿಷ್ ಬರವಣಿಗ್ಯಾಗ ಮೊದಲ ಕಾಣಿಸೋದು 1632ರಾಗ, ರಾಬರ್ಟ್ ಆಡಮ್ಸ್ ಅನ್ನೋ ಕಂಪನಿ ನೌಕರ ಹಿಂದೂಸ್ತಾನದಿಂದ ಬರೆದ ಒಂದು ಪತ್ರದಾಗ. 1638ರಾಗ ಸೂರತ್‌ಗೆ ಬಂದ ಮ್ಯಾಂಡೆಲ್ಸ್ಲೋ ಅನ್ನೋ ಜರ್ಮನ್ ಪ್ರವಾಸಿ, ಅಲ್ಲಿ ಇಂಗ್ಲಿಷರು ಸರಾಯಿ, ಗುಲಾಬ ನೀರು, ಲಿಂಬಿ ಜಾತಿಯ ಹಣ್ಣಿನ ರಸ, ಸಕ್ಕರಿ ಕೂಡಿಸಿ ಕುಡೀತಿದ್ರು ಅಂತ ಬರದಿಟ್ಟಾನ.

ಹೆಸರಿನ ಗುಟ್ಟು ಹೇಳಿದಾಂವ ಜಾನ್ ಫ್ರಾಯರ್. ಈತ ಕಂಪನಿಯ ಡಾಕ್ಟರು, ನಮ್ಮ ಕಾರವಾರ, ಗೋಕರ್ಣ ಎಲ್ಲಾ ಓಡ್ಯಾಡಿ ನೋಡಿದಾಂವ. 1698ರಾಗ ಅಚ್ಚಾದ ತನ್ನ ಪುಸ್ತಕದಾಗ, ಗೋವಾದ ನೇರೂಲದ ಸರಾಯಿ ಛಲೋದು, ಅದರಿಂದ ಇಂಗ್ಲಿಷರು ಐದು ಸಾಮಾನು ಹಾಕಿ ಈ ಪೇಯ ಮಾಡ್ತಾರ, ಐದು ಅಂದ್ರ ಹಿಂದೂಸ್ತಾನಿ ಒಳಗ ಪಂಚ್, ಅದಕ್ಕ ಆ ಹೆಸರು ಅಂತಾನ. ಕೆಲವು ಪಂಡಿತರು ಇದನ್ನ ಒಪ್ಪೂದಿಲ್ಲ, ಪಂಚನ್ ಅನ್ನೋ ಪೀಪಾಯಿಯಿಂದ ಹೆಸರು ಬಂತು ಅಂತಾರ. ನನಗಂತೂ ಪಂಚಾಮೃತ, ಪಂಚಕಜ್ಜಾಯ ಅಂದು ರೂಢಿ ಇದ್ದ ಕಿವಿಗೆ ಫ್ರಾಯರ್‌ನ ಮಾತೇ ಖರೆ ಅನಸ್ತದ. ಅದೇ ಡಾಕ್ಟರು ಇನ್ನೊಂದು ಮಾತೂ ಹೇಳ್ಯಾನ: ಈ ಪೇಯ ಮನಷ್ಯಾನ ಕಸುವು ತಗೀತದ ಅಂತ.

ಇಲ್ಲಿಂದ ಪಂಚ್ ಲಂಡನ್ನಿಗೆ ಹೋತು, ಅಲ್ಲಿಂದ ವೆಸ್ಟ್ ಇಂಡೀಸ್ ದ್ವೀಪಗಳಿಗೆ. ಅಲ್ಲಿ ಸರಾಯಿ ಜಾಗಾಕ್ಕ ಬಂದದ್ದು ರಮ್. ಸಕ್ಕರಿ ತಗದ ಮ್ಯಾಲ ಉಳಿಯೋ ಕಾಕಂಬಿಯಿಂದ ಮಾಡ್ತಾರ ಅದನ್ನ. ಕಬ್ಬು ಆ ಕಡಿಗೆ ಹೋದದ್ದು ಕೊಲಂಬಸ್‌ನ 1493ರ ಎರಡನೇ ಪ್ರಯಾಣದಾಗ. ಶುಗರ್ ಅನ್ನೋ ಶಬ್ದದ ಬೇರೂ ನಮ್ಮ ಶರ್ಕರಾನೇ. ಆ ಕಬ್ಬಿನ ಹೊಲದಾಗ ದುಡದು ಸತ್ತವರು ಆಫ್ರಿಕಾದಿಂದ ಹಿಡಕೊಂಡು ಬಂದ ಗುಲಾಮರು. ಗುಲಾಮಗಿರಿ ಮುಗದ ಮ್ಯಾಲ 1838ರಾಗ ಕಲಕತ್ತಾದಿಂದ ಎರಡು ಹಡಗು ನಮ್ಮ ದೇಶದ ಕೂಲಿಗಳನ್ನ ತುಂಬಕೊಂಡು ಗಯಾನಾಕ್ಕ ಹೋದವು. ಕರಾರು ಕೂಲಿಯ ಈ ಸಾಗಾಟ 1917ರ ತನಕ ನಡೀತು. ಚಿತ್ರದಾಗ ಛತ್ರಿ ಚುಚ್ಚಿದ ಆ ಬಣ್ಣದ ಗ್ಲಾಸ್ ನೋಡಿದಾಗ ನನಗ ಆ ಹೊಲದಾಗಿನ ಹೆಣ್ಣುಮಕ್ಕಳು ನೆನಪಾಗ್ತಾರ.

ಇನ್ನ ನಮ್ಮ ಮನಿ ಕಥಿ. ನಮ್ಮ ತವರಮನ್ಯಾಗ ಒಬ್ಬರು ಕಾಕಾ ಈ ಐದನೇ ಸಾಮಾನಿನ ಬೆನ್ನ ಹತ್ತಿದ್ರು. ಮೊದಲ ಕಾಕುನ ಪಾಟ್ಲಿ ಹೋದವು, ಆಮ್ಯಾಲ ಹೊಲ, ಕಡೀಕ ಅವರೇ ಹೋದ್ರು. 2007ರಾಗ ನಮ್ಮ ರಾಜ್ಯದಾಗ ಸರಾಯಿ ಬಂದ್ ಮಾಡಿದಾಗ ಕಾಕು, "ಇಪ್ಪತ್ತ್ ವರ್ಷ ಮೊದಲ ಮಾಡಿದ್ರ ಏನಾಗತಿತ್ತು" ಅಂದ್ರು, ಅಷ್ಟೇ. ಅದಕ್ಕ ಮನ್ಯಾಗ ಮಕ್ಕಳು "ಅಮ್ಮಾ, ಒಂದ್ ಹನಿ ಹಾಕಿದ್ರ ಏನಾಗ್ತದ" ಅಂತ ಚಾಷ್ಟಿಗೆ ಅಂದ್ರೂ ನನಗ ನಗು ಬರೂದಿಲ್ಲ.

ಆದ್ರ ಗ್ಲಾಸನ್ನೇ ದೂರ ಇಡೋದೂ ಬ್ಯಾಡ ಅಂತ ನನ್ನ ವಿಚಾರ. ಲೆಕ್ಕ ಹಾಕಿ ನೋಡ್ರಿ: ಹುಳಿ, ಸಿಹಿ, ನೀರು, ಮಸಾಲಿ. ಚೈತ್ರ ಗೌರಿ ಅರಿಷಿಣ-ಕುಂಕುಮಕ್ಕ ಕೋಸಂಬರಿ ಜೋಡಿ ನಾವು ಕೊಡೋ ಪಾನಕದಾಗ ಈ ನಾಕೂ ಅವ. ಅವರು ಕೂಡಿಸಿದ್ದು ಐದನೇದು ಒಂದೇ. ಅದನ್ನ ತಗದ್ರ ಉಳಿಯೋದು ನಮ್ಮದೇ ಪಾನಕ.

ನಾ ಮಾಡೋದು ಹಿಂಗ. ಮೂರು ವಾಟಿ ಅನಾನಸ್ ರಸ ಸೋಸಿ ಇಟ್ಕೋರಿ. ಮುಕ್ಕಾಲು ವಾಟಿ ಬೆಲ್ಲ ನಾಕು ವಾಟಿ ನೀರಾಗ ಕರಗಿಸಿ, ಸೋಸಿ ಅದಕ್ಕ ಹಾಕ್ರಿ. ಅರ್ಧ ವಾಟಿ ಲಿಂಬಿ ರಸ, ಒಂದ್ ಚಿಟಿಕಿ ಉಪ್ಪು. ಮ್ಯಾಲ ಜಾಜಿಕಾಯಿ ಒಂಚೂರು ತೇಯ್ದು ಹಾಕ್ರಿ. ಐದನೇದರ ಜಾಗಾಕ್ಕ ಒಂದ್ ಚಮಚಾ ಹಸಿ ಶುಂಠಿ ರಸ. ಗಂಟಲಕ್ಕ ಚುರುಕ್ ಅಂತದ, ಹುಡುಗರಿಗೂ ಸಮಾಧಾನ. ಗಡಿಗ್ಯಾಗ ಒಂದ್ ತಾಸು ತಂಪಾಗಲಿಕ್ಕೆ ಬಿಡ್ರಿ. ಆರೇಳು ಮಂದಿಗೆ ಸಾಕಾಗ್ತದ.

ಈ ಸಲ ಗೌರಿಗೆ ಬಂದವರಿಗೆ ನಾ ಇದನ್ನೇ ಕೊಡಾಕಿ. ಹೆಸರು ಕೇಳಿದ್ರ ಪಂಚ್ ಅಂತನ ಹೇಳ್ತೀನಿ. ಮೂಸಿ ನೋಡೋದು ಬ್ಯಾಡ ವೈನಿ, ಆರಾಮ ಕುಡೀರಿ.