ನಾನೂರು ಗಜದ ದಟ್ಟಣೆ

ಬರ್ಕ್ಲಿಯ ಗುಡ್ಡದ ಮೇಲೆ ಲಾರೆನ್ಸ್ ಪ್ರಯೋಗಾಲಯ, ಕೆಳಗೆ ವಿಶ್ವವಿದ್ಯಾಲಯ. ನಡುವೆ 400 ಗಜ, ಮಾತಾಡುತ್ತಲೇ ಇಳಿದುಬಿಡುತ್ತೇನೆ. 1986ರ ಅಕ್ಟೋಬರಿನಲ್ಲಿ ಇವೆರಡರ ನಡುವಿನ ದತ್ತಾಂಶದ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40ಕ್ಕೆ ಕುಸಿಯಿತು. ನಲವತ್ತು ಸಾವಿರವಲ್ಲ, ಬರೀ ನಲವತ್ತು! ತಂತಿಯೇನೂ ಕಡಿದಿರಲಿಲ್ಲ. ದಾರಿಯ ಯಂತ್ರಗಳ ಬಫರುಗಳು, ಅಂದರೆ ತಾತ್ಕಾಲಿಕ ಸಂಗ್ರಹಗಳು, ತುಂಬಿ ಪ್ಯಾಕೆಟ್‌ಗಳು, ಅಂದರೆ ದತ್ತಾಂಶದ ತುಣುಕುಗಳು, ಬಿದ್ದುಹೋಗುತ್ತಿದ್ದವು. ಉತ್ತರ ಬಾರದ ಕಂಪ್ಯೂಟರುಗಳು ಅವನ್ನೇ ಮತ್ತೆ ಮತ್ತೆ ಕಳಿಸಿ ದಟ್ಟಣೆ ಹೆಚ್ಚಿಸುತ್ತಿದ್ದವು. ಪ್ರಯೋಗಾಲಯದ ವ್ಯಾನ್ ಜೇಕಬ್ಸನ್, ವಿಶ್ವವಿದ್ಯಾಲಯದ ಮೈಕ್ ಕ್ಯಾರಲ್ಸ್ ಸೇರಿ ಕಳಿಸುವ ಯಂತ್ರಕ್ಕೇ ಸಂಯಮ ಕಲಿಸಿದರು: ಒಂದು ಪ್ಯಾಕೆಟ್‌ನಿಂದ ಶುರುಮಾಡು, ಉತ್ತರ ಬಂದಂತೆ ಹೆಚ್ಚಿಸು, ಕಳೆದುಹೋದರೆ ಹಿಂದೆ ಸರಿ. 1988ರಲ್ಲಿ ಜೇಕಬ್ಸನ್ ಪ್ರಬಂಧ ಹೊರಬಂತು. ಬದಲಾವಣೆ ಬಿಎಸ್‌ಡಿ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೂಲಕ ಹರಡಿತು. ನಡುದಾರಿಯ ಯಂತ್ರಗಳನ್ನು ಮುಟ್ಟದೆ ತುದಿಗಳಲ್ಲೇ ರಿಪೇರಿ ಮುಗಿಸಿದ್ದು ನನಗೆ ಬಹಳ ಇಷ್ಟ.