ನಸೂಟ–ಆಲ್ಬೊಮಿಕನ್ಸ್ ಸಂಕೀರ್ಣ

ನಸೂಟ–ಆಲ್ಬೊಮಿಕನ್ಸ್ ಸಂಕೀರ್ಣವು ಡ್ರೊಸೊಫಿಲ ಕುಲಕ್ಕೆ ಸೇರಿದ ಹಣ್ಣುನೊಣಗಳ ಒಂದು ಗುಂಪು. ಡ್ರೊಸೊಫಿಲ ನಸೂಟ ನಸೂಟ ಮತ್ತು ಡ್ರೊಸೊಫಿಲ ನಸೂಟ ಆಲ್ಬೊಮಿಕನ್ಸ್ ಎಂಬ ಎರಡು ನೈಸರ್ಗಿಕ ತಳಿಗಳು ಈ ಗುಂಪಿನಲ್ಲಿವೆ. ಇವೆರಡರ ಸಂಕರದಿಂದ ಮೈಸೂರು ವಿಶ್ವವಿದ್ಯಾನಿಲಯದ ಪ್ರಯೋಗಾಲಯದಲ್ಲಿ ರೂಪುಗೊಂಡ ‘ಸೈಟೋರೇಸ್’ ಎಂಬ ಹೊಸ ತಳಿಗಳನ್ನೂ ಇದರಲ್ಲಿಯೇ ಸೇರಿಸಲಾಗುತ್ತದೆ. ಎರಡು ಭಿನ್ನ ಜೀನೋಮ್‌ಗಳು ಒಂದೇ ದೇಹದಲ್ಲಿ ಬೆರೆತಾಗ ಏನಾಗುತ್ತದೆ, ಆ ಬೆರಕೆಯಿಂದ ಸ್ಥಿರವಾದ ಹೊಸ ಜೀವಿಸಮೂಹ ಹುಟ್ಟಬಲ್ಲುದೇ ಎಂಬ ಪ್ರಶ್ನೆಗಳನ್ನು ಪ್ರಾಣಿಗಳಲ್ಲಿ ಪೀಳಿಗೆ ಪೀಳಿಗೆಯಾಗಿ ಪರೀಕ್ಷಿಸಿದ ದೀರ್ಘಕಾಲದ ಪ್ರಯೋಗಗಳಲ್ಲಿ ಇದು ಒಂದು. ಇದೇ ಬಗೆಯ ಪ್ರಶ್ನೆಗಳನ್ನು ಬೇರೆ ದೇಶಗಳಲ್ಲಿ ಸಂಕರ ಇಲಿಗಳಲ್ಲಿಯೂ ಅಧ್ಯಯನ ಮಾಡಲಾಗಿದೆ.

ಮೂಲ ತಳಿಗಳು

ಡ್ರೊಸೊಫಿಲ ನಸೂಟವನ್ನು 1914ರಲ್ಲಿ ಲ್ಯಾಂಬ್ ಎಂಬ ಕೀಟವಿಜ್ಞಾನಿ ಸೀಶೆಲ್ಸ್ ದ್ವೀಪಗಳ ಮಾದರಿಗಳ ಆಧಾರದಿಂದ ವರ್ಣಿಸಿದರು. ಆಫ್ರಿಕದ ಪೂರ್ವಭಾಗ, ಹಿಂದೂ ಮಹಾಸಾಗರದ ದ್ವೀಪಗಳು, ಶ್ರೀಲಂಕಾ ಹಾಗೂ ಭಾರತದಲ್ಲಿ ಇದರ ವ್ಯಾಪ್ತಿಯಿದೆ. ಕರ್ನಾಟಕದಲ್ಲಿಯೂ ಇದು ದೊರೆಯುತ್ತದೆ. ಕೊಳೆತ ಹಣ್ಣು ಬಿದ್ದ ತೋಟಗಳಲ್ಲಿ, ಬಾಳೆಹಣ್ಣನ್ನು ಹುದುಗಿಸಿ ಇಟ್ಟ ಸೀಸೆಗಳಿಗೆ ಇದು ಬರುತ್ತದೆ. ಆಲ್ಬೊಮಿಕನ್ಸ್ ಪೂರ್ವ ಏಷ್ಯಾದ ನೊಣ. ಜಪಾನ್, ತೈವಾನ್, ದಕ್ಷಿಣ ಚೀನಾ ಮತ್ತು ಥಾಯ್ಲೆಂಡ್ ಮೂಲಕ ಈಶಾನ್ಯ ಭಾರತದವರೆಗೆ ಅದರ ನೆಲೆ ಹಬ್ಬಿದೆ. ಈ ಗುಂಪಿನ ಗಂಡುನೊಣಗಳ ಹಣೆಯಲ್ಲಿ ಬೆಳ್ಳಿಯಂತೆ ಹೊಳೆಯುವ ಬಿಳಿ ಭಾಗವಿರುತ್ತದೆ. ‘ಆಲ್ಬೊಮಿಕನ್ಸ್’ ಎಂಬ ಲ್ಯಾಟಿನ್ ಹೆಸರಿನ ಅರ್ಥವೇ ‘ಬಿಳಿಯಾಗಿ ಮಿನುಗುವ’ ಎಂದು.

ಬರಿಗಣ್ಣಿಗಾಗಲಿ ಸೂಕ್ಷ್ಮದರ್ಶಕದಡಿಯಾಗಲಿ ಇವೆರಡರ ದೇಹರಚನೆಯಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಜೀವಕೋಶದೊಳಗಿನ ವರ್ಣತಂತುಗಳನ್ನು ನೋಡಿದೊಡನೆ ವ್ಯತ್ಯಾಸ ಎದ್ದು ಕಾಣುತ್ತದೆ. ನಸೂಟದಲ್ಲಿ ವರ್ಣತಂತುಗಳ ಸಂಖ್ಯೆ 8, ಆಲ್ಬೊಮಿಕನ್ಸ್‌ನಲ್ಲಿ 6. ಆಲ್ಬೊಮಿಕನ್ಸ್‌ನಲ್ಲಿ ಮೂರನೆಯ ವರ್ಣತಂತು ಲಿಂಗ ವರ್ಣತಂತುಗಳಾದ ಎಕ್ಸ್ ಮತ್ತು ವೈಗಳೊಂದಿಗೆ ಬೆಸೆದುಕೊಂಡಿರುವುದೇ ಇದಕ್ಕೆ ಕಾರಣ. ಹೀಗೆ ಬೆಸೆದವನ್ನು ಎಕ್ಸ್-3 ಮತ್ತು ವೈ-3 ಎಂದು ಕರೆಯುತ್ತಾರೆ. ಯಾವ ವರ್ಣತಂತುವೂ ಕಳೆದುಹೋಗಿಲ್ಲ. ಬಿಡಿಯಾಗಿದ್ದವು ಜೋಡಿಸಲ್ಪಟ್ಟಿವೆ, ಅಷ್ಟೆ. ಆದರೆ ಪರಿಣಾಮ ದೊಡ್ಡದು. ಅದುವರೆಗೆ ಗಂಡುಹೆಣ್ಣುಗಳಲ್ಲಿ ಸಮಾನವಾಗಿದ್ದ ಮೂರನೆಯ ವರ್ಣತಂತು ಈಗ ಲಿಂಗ ವರ್ಣತಂತುವಿನ ಭಾಗವಾಗಿದೆ. ಹೊಸದಾಗಿ ಹುಟ್ಟಿದ ಲಿಂಗ ವರ್ಣತಂತು ಹೇಗೆ ಬದಲಾಗುತ್ತಾ ಹೋಗುತ್ತದೆ ಎಂಬುದನ್ನು ಆರಂಭದ ಹಂತದಲ್ಲಿಯೇ ಕಾಣಬಹುದಾದ್ದರಿಂದ ಜಗತ್ತಿನ ಅನೇಕ ಪ್ರಯೋಗಾಲಯಗಳು ಆಲ್ಬೊಮಿಕನ್ಸ್‌ನಲ್ಲಿ ಆಸಕ್ತಿ ತಾಳಿವೆ. ಇದರ ಜೀನೋಮಿನ ಕರಡು ಅನುಕ್ರಮ 2012ರಲ್ಲಿ ಪ್ರಕಟವಾಯಿತು.

ಎರಡೂ ತಳಿಗಳು ಒಂದೇ ಪೂರ್ವಜ ಸಮೂಹದಿಂದ ಬೇರ್ಪಟ್ಟು ಹೆಚ್ಚೆಂದರೆ ಸುಮಾರು 5 ಲಕ್ಷ ವರ್ಷಗಳಾಗಿರಬಹುದು ಎಂಬ ಅಂದಾಜುಗಳಿವೆ. ವಿಕಾಸದ ಕಾಲಮಾನದಲ್ಲಿ ಇದು ಬಹಳ ಅಲ್ಪ. ಆದ್ದರಿಂದಲೇ ಅವುಗಳ ನಡುವೆ ಸಂತಾನೋತ್ಪತ್ತಿಯ ತಡೆ ಇನ್ನೂ ಪೂರ್ಣವಾಗಿ ಬೆಳೆದಿಲ್ಲ. ಪ್ರಯೋಗಾಲಯದಲ್ಲಿ ಅವು ಕೂಡುತ್ತವೆ, ಅವುಗಳ ಸಂಕರ ಸಂತತಿಯೂ ಮರಿ ಮಾಡುತ್ತದೆ. ಸಂಕರಗಳಲ್ಲಿ ಒಂದು ಲಿಂಗ ಮಾತ್ರ ಬಂಜೆಯಾಗುವುದಾದರೆ ಅದು ಸಾಮಾನ್ಯವಾಗಿ ಭಿನ್ನ ಲಿಂಗ ವರ್ಣತಂತುಗಳುಳ್ಳ ಲಿಂಗವೇ ಆಗಿರುತ್ತದೆ ಎಂದು ಜೆ.ಬಿ.ಎಸ್. ಹಾಲ್ಡೇನ್ 1922ರಲ್ಲಿ ನಿಯಮವೊಂದನ್ನು ಹೇಳಿದ್ದರು (ಮುಂದೆ ಅವರು ಭಾರತಕ್ಕೆ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು). ಹಣ್ಣುನೊಣ ಮತ್ತು ಇಲಿಗಳಲ್ಲಿ ಅಂತಹ ಲಿಂಗವೆಂದರೆ ಗಂಡು. ನಸೂಟ ಮತ್ತು ಆಲ್ಬೊಮಿಕನ್ಸ್ ಆ ಹಂತಕ್ಕೂ ತಲುಪಿಲ್ಲ.

ಮೈಸೂರಿನ ಪ್ರಯೋಗ

ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗವು ಭಾರತದಲ್ಲಿ ಡ್ರೊಸೊಫಿಲ ತಳಿವಿಜ್ಞಾನದ ಮುಖ್ಯ ಕೇಂದ್ರಗಳಲ್ಲೊಂದು. ಎಂ.ಆರ್. ರಾಜಶೇಖರಶೆಟ್ಟಿ, ಎನ್.ಬಿ. ಕೃಷ್ಣಮೂರ್ತಿ ಮೊದಲಾದವರ ಕಾಲದಲ್ಲಿಯೇ ನಸೂಟ ಗುಂಪಿನ ಸಮೂಹ ತಳಿವಿಜ್ಞಾನದ ಕೆಲಸ ಇಲ್ಲಿ ನಡೆದಿತ್ತು. 1982ರಲ್ಲಿ ಎಚ್.ಎ. ರಂಗನಾಥ್ ಅವರು ಜರ್ಮನಿಯ ಹೇಗೆಲೆ ಅವರೊಡನೆ ಎರಡೂ ತಳಿಗಳ ವರ್ಣತಂತುಗಳನ್ನು ವಿವರವಾಗಿ ಹೋಲಿಸಿದರು. ಅದೇ ಸರಣಿಯ ಮುಂದುವರಿಕೆಯಾಗಿ ಎನ್.ಬಿ. ರಾಮಚಂದ್ರ ಮತ್ತು ರಂಗನಾಥ್ 1986ರಲ್ಲಿ ‘ಕ್ರೋಮೊಸೋಮ’ ಪತ್ರಿಕೆಯಲ್ಲಿ ಸಂಕರ ಮತ್ತು ವರ್ಣತಂತುಗಳ ಮರುಜೋಡಣೆಯ ಕುರಿತು ಲೇಖನ ಪ್ರಕಟಿಸಿದರು. ಮೊದಲ ಎರಡು ಸೈಟೋರೇಸ್‌ಗಳು ವಿಜ್ಞಾನಲೋಕಕ್ಕೆ ಪರಿಚಯವಾದದ್ದು ಹೀಗೆ.

ಪ್ರಯೋಗದ ಕ್ರಮ ಸರಳ. ಒಂದು ತಳಿಯ ಹೆಣ್ಣುಗಳನ್ನು ಇನ್ನೊಂದು ತಳಿಯ ಗಂಡುಗಳೊಂದಿಗೆ ಸೀಸೆಯಲ್ಲಿ ಬಿಡುವುದು, ಹುಟ್ಟಿದ ಸಂಕರಗಳನ್ನು ತಮ್ಮತಮ್ಮೊಳಗೆ ಕೂಡಲು ಬಿಡುವುದು, ಪ್ರತಿ ಪೀಳಿಗೆಯನ್ನೂ ಹೊಸ ಆಹಾರಕ್ಕೆ ವರ್ಗಾಯಿಸುತ್ತಾ ಸಾಗುವುದು, ನಡುನಡುವೆ ವರ್ಣತಂತುಗಳನ್ನು ಪರೀಕ್ಷಿಸುವುದು. ಮೈಸೂರಿನಲ್ಲಿ ಬಳಸುವ ಆಹಾರಮಾಧ್ಯಮವೂ ನಮ್ಮ ಅಡುಗೆಮನೆಗೆ ಹತ್ತಿರದ್ದೇ. 1 ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ ಮತ್ತು 8 ಗ್ರಾಂ ಅಗರ್ ಹಾಕಿ ಕುದಿಸಿ, ಬೂಷ್ಟು ಹಿಡಿಯದಂತೆ 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲವನ್ನು ಸೇರಿಸುತ್ತಾರೆ. ಕಷ್ಟವಿರುವುದು ತಾಳ್ಮೆಯಲ್ಲಿ. ತಳಿಗಳನ್ನು ವರ್ಷಗಟ್ಟಲೆ ಬೆರೆಯದಂತೆ, ನಶಿಸದಂತೆ ಕಾಯ್ದುಕೊಳ್ಳಬೇಕು. ಒಂದು ಸೀಸೆಗೆ ಪಕ್ಕದ ಸೀಸೆಯ ನೊಣವೊಂದು ಹೊಕ್ಕರೂ ಅಷ್ಟು ಪೀಳಿಗೆಗಳ ಶ್ರಮ ವ್ಯರ್ಥ.

ಸೈಟೋರೇಸ್ 1ರ ಲೆಕ್ಕ

ಸೈಟೋರೇಸ್ ಎಂಬ ಪದದಲ್ಲಿ ‘ಸೈಟೋ’ ಎಂದರೆ ಜೀವಕೋಶಕ್ಕೆ ಸಂಬಂಧಿಸಿದ್ದು, ‘ರೇಸ್’ ಎಂದರೆ ತಳಿ. ವರ್ಣತಂತುಗಳ ವಿನ್ಯಾಸದಿಂದ ಗುರುತಿಸಲಾಗುವ ತಳಿ ಎಂದು ಅರ್ಥ. ಸೈಟೋರೇಸ್ 1ರಲ್ಲಿ ಗಂಡುಗಳಿಗೆ 7 ಮತ್ತು ಹೆಣ್ಣುಗಳಿಗೆ 6 ವರ್ಣತಂತುಗಳಿವೆ. ಈ ವಿಚಿತ್ರ ಸಂಖ್ಯೆ ಬಂದದ್ದು ಹೇಗೆಂದು ಹೆಜ್ಜೆ ಹೆಜ್ಜೆಯಾಗಿ ನೋಡಬಹುದು.

ಆಲ್ಬೊಮಿಕನ್ಸ್ ಹೆಣ್ಣು ಮತ್ತು ನಸೂಟ ಗಂಡು ಕೂಡಿದಾಗ ತಾಯಿಯಿಂದ ಪ್ರತಿ ಮರಿಗೂ ಒಂದು ಎಕ್ಸ್-3 ಬರುತ್ತದೆ. ತಂದೆಯಿಂದ ಹೆಣ್ಣುಮರಿಗೆ ಬಿಡಿಯಾದ ಎಕ್ಸ್ ಮತ್ತು ಬಿಡಿಯಾದ 3, ಗಂಡುಮರಿಗೆ ಬಿಡಿಯಾದ ವೈ ಮತ್ತು ಬಿಡಿಯಾದ 3 ಬರುತ್ತವೆ. ಎರಡನೆಯ ಮತ್ತು ನಾಲ್ಕನೆಯ ವರ್ಣತಂತುಗಳ ಜೋಡಿಗಳನ್ನು ಸೇರಿಸಿದರೆ ಮೊದಲ ಪೀಳಿಗೆಯ ಸಂಕರಗಳೆಲ್ಲಕ್ಕೂ 7 ವರ್ಣತಂತುಗಳು. ಈ ಸಂಕರ ಗಂಡು ತನ್ನ ಮಗಳಿಗೆ ಎಕ್ಸ್-3ನ್ನು ಕೊಡುತ್ತದೆ, ಮಗನಿಗೆ ವೈ ಮತ್ತು 3ನ್ನು ಕೊಡುತ್ತದೆ. ಸಂಕರ ಹೆಣ್ಣಾದರೋ ಎಕ್ಸ್-3ನ್ನು ಕೊಡಬಹುದು ಅಥವಾ ಬಿಡಿಯಾದ ಎಕ್ಸ್ ಮತ್ತು 3ನ್ನು ಕೊಡಬಹುದು. ಆದ್ದರಿಂದ ಎರಡನೆಯ ಪೀಳಿಗೆಯಲ್ಲಿ 6, 7 ಮತ್ತು 8 ವರ್ಣತಂತುಗಳುಳ್ಳ ನೊಣಗಳು ಕಲಬೆರಕೆಯಾಗಿ ಹುಟ್ಟುತ್ತವೆ. ಪೀಳಿಗೆಗಳು ಸಾಗಿದಂತೆ ಬಿಡಿಯಾದ ಎಕ್ಸ್ ಸಮೂಹದಿಂದ ಮರೆಯಾಗಿ, ಬೆಸೆದ ಎಕ್ಸ್-3 ಮಾತ್ರ ಉಳಿಯಿತು. ಆಗ ಹೆಣ್ಣುಗಳೆಲ್ಲ ಎರಡು ಎಕ್ಸ್-3ಗಳೊಂದಿಗೆ 6ಕ್ಕೆ ನಿಂತವು. ಗಂಡುಗಳು ಒಂದು ಎಕ್ಸ್-3, ನಸೂಟದ ವೈ ಮತ್ತು ನಸೂಟದ 3ರೊಂದಿಗೆ 7ಕ್ಕೆ ನಿಂತವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಸೂಟದಿಂದ ಬಂದ ಮೂರನೆಯ ವರ್ಣತಂತು ಸೈಟೋರೇಸ್ 1ರಲ್ಲಿ ಇನ್ನು ತಂದೆಯಿಂದ ಮಗನಿಗೆ ಮಾತ್ರ ಸಾಗುತ್ತದೆ. ಹೆಸರಿಗೆ ಅದು ಸಾಮಾನ್ಯ ವರ್ಣತಂತು, ನಡತೆಯಲ್ಲಿ ವೈ ವರ್ಣತಂತು. ಡ್ರೊಸೊಫಿಲ ಗಂಡುಗಳಲ್ಲಿ ಸಾಮಾನ್ಯವಾಗಿ ವರ್ಣತಂತುಗಳ ನಡುವೆ ತುಣುಕುಗಳ ವಿನಿಮಯ ನಡೆಯುವುದಿಲ್ಲವಾದ್ದರಿಂದ ಅದು ತನ್ನ ಜೊತೆಗಾರನೊಂದಿಗೆ ಬೆರೆಯುವ ಅವಕಾಶವನ್ನೂ ಬಹುಮಟ್ಟಿಗೆ ಕಳೆದುಕೊಂಡಿರಬಹುದು. ಆಲ್ಬೊಮಿಕನ್ಸ್‌ನಲ್ಲಿ ಬೆಸುಗೆಯಿಂದ ಉಂಟಾದ ಸ್ಥಿತಿಯೇ ಇಲ್ಲಿ ಬೆಸುಗೆಯಿಲ್ಲದೆ, ಕೇವಲ ಸಂಕರದಿಂದ ಉಂಟಾಗಿದೆ. ಇದು ಈ ಪ್ರಯೋಗದ ಅತ್ಯಂತ ಸ್ವಾರಸ್ಯಕರ ಫಲಿತಾಂಶವೆನ್ನಬಹುದು.

ಸೈಟೋರೇಸ್ 2ರಲ್ಲಿ ಗಂಡುಹೆಣ್ಣುಗಳೆರಡಕ್ಕೂ 6 ವರ್ಣತಂತುಗಳು. ಆಲ್ಬೊಮಿಕನ್ಸ್‌ನ ಸಂಖ್ಯೆಯೂ ಇದೇ ಆದರೂ ಅದು ಮರಳಿ ಆಲ್ಬೊಮಿಕನ್ಸ್ ಆಯಿತೆಂದು ತಿಳಿಯುವಂತಿಲ್ಲ. ಸಂಕರ ಹೆಣ್ಣುಗಳಲ್ಲಿ ವಿನಿಮಯ ನಡೆಯುವುದರಿಂದ ಒಂದೇ ವರ್ಣತಂತುವಿನಲ್ಲಿ ಎರಡೂ ಮೂಲಗಳ ತುಣುಕುಗಳು ಸೇರಿರಬಹುದು. ಮುಂದೆ ಎಂ.ಟಿ. ತನುಜಾ, ರಾಮಚಂದ್ರ ಮತ್ತು ರಂಗನಾಥ್ ಅವರು ಈ ಕೆಲಸವನ್ನು ವಿಸ್ತರಿಸಿದರು. ಕ್ರಮೇಣ ಸೈಟೋರೇಸ್‌ಗಳ ಸಂಖ್ಯೆ 16ಕ್ಕೆ ಏರಿತು.

ದೇಹಗಾತ್ರ ಮತ್ತು ಸಂಗಾತಿಯ ಆಯ್ಕೆ

ಹೊಸ ವರ್ಣತಂತು ವಿನ್ಯಾಸ ಮಾತ್ರದಿಂದ ಹೊಸ ಜೀವಿಸಮೂಹವಾಗದು. ಅದರ ದೇಹ, ಆಯುಷ್ಯ, ವರ್ತನೆಗಳಲ್ಲಿಯೂ ಭಿನ್ನತೆ ಕಾಣಬೇಕು. ಈ ದಿಕ್ಕಿನಲ್ಲಿ ಬಿ.ಪಿ. ಹರಿಣಿ ಮತ್ತು ರಾಮಚಂದ್ರ ಅವರು ಸಂಕೀರ್ಣದ ನಾಲ್ಕು ಸದಸ್ಯರನ್ನು ಹೋಲಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂಲ ತಳಿಗಳಿಗಿಂತ ಹೊಸ ಸೈಟೋರೇಸ್‌ಗಳು ಗಾತ್ರದಲ್ಲಿ ಚಿಕ್ಕವು ಎಂದು ಕಂಡುಬಂದಿತು.

ಇದಕ್ಕಿಂತ ಮಹತ್ವದ್ದು 2001ರ ಸಂಗಾತಿ ಆಯ್ಕೆಯ ಪ್ರಯೋಗ. ತನುಜಾ ಮತ್ತು ಸಂಗಡಿಗರು ಬೇರೆ ಬೇರೆ ತಳಿಗಳ ಗಂಡುಹೆಣ್ಣುಗಳನ್ನು ಒಟ್ಟಿಗೆ ಬಿಟ್ಟು ಯಾವುದು ಯಾವುದನ್ನು ಆರಿಸುತ್ತದೆಂದು ಎಣಿಸಿದರು. ತಳಿಗಳ ನಡುವೆ ಲೈಂಗಿಕ ಪ್ರತ್ಯೇಕತೆಯ ಮೊಳಕೆ ಕಂಡುಬಂದಿತು. ಕೂಡಲಾರದ ಸ್ಥಿತಿಯೇನೂ ಅಲ್ಲ, ಆದರೆ ಆಯ್ಕೆಯಿದ್ದಾಗ ಮೇಳನ ಸಂಪೂರ್ಣ ಯಾದೃಚ್ಛಿಕವಾಗಿ ಉಳಿಯಲಿಲ್ಲ. ಹೊಸ ಪ್ರಭೇದ ಹುಟ್ಟುವ ದಾರಿಯಲ್ಲಿ ಇಂತಹ ಒಲವು ಮೊದಲ ಮೆಟ್ಟಿಲೆಂದು ವಿಕಾಸವಿಜ್ಞಾನ ಪರಿಗಣಿಸುತ್ತದೆ.

ವಂಶವಾಹಿ ನಿಯಂತ್ರಣ: ಇಲಿಗಳ ಸಂಕರದೊಂದಿಗೆ ಹೋಲಿಕೆ

ಮೈಸೂರಿನ ಪ್ರಯೋಗ ಅನೇಕ ಪೀಳಿಗೆಗಳ ಕಥೆ. ಇಲಿಗಳಲ್ಲಿ ನಡೆದ ಸಂಕರ ಅಧ್ಯಯನಗಳು ಹೆಚ್ಚಾಗಿ ಮೊದಲ ಪೀಳಿಗೆಯನ್ನೇ ಆಳವಾಗಿ ನೋಡುತ್ತವೆ. ಮನೆ ಇಲಿಯ (ಮಸ್ ಮಸ್ಕುಲಸ್) ಉಪಪ್ರಭೇದಗಳಾದ ಡೊಮೆಸ್ಟಿಕಸ್, ಮಸ್ಕುಲಸ್ ಮತ್ತು ಕ್ಯಾಸ್ಟನಿಯಸ್‌ಗಳು ಬೇರ್ಪಟ್ಟದ್ದು ಸುಮಾರು 3ರಿಂದ 5 ಲಕ್ಷ ವರ್ಷಗಳ ಹಿಂದೆ ಎಂದು ಅಂದಾಜು. ಎಂದರೆ ನಮ್ಮ ನೊಣಗಳ ವಯಸ್ಸಿಗೆ ಹತ್ತಿರ. ಕರ್ನಾಟಕದ ಮನೆಗಳಲ್ಲಿ ಕಾಣುವ ಚಿಕ್ಕ ಇಲಿ ಕ್ಯಾಸ್ಟನಿಯಸ್ ಉಪಪ್ರಭೇದದ್ದು.

ಒಂದು ವಂಶವಾಹಿ ಒಂದು ತಳಿಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಕೆಲಸ ಮಾಡುತ್ತಿದ್ದರೆ ಕಾರಣ ಎರಡರಲ್ಲೊಂದು. ವಂಶವಾಹಿಯ ಪಕ್ಕದಲ್ಲಿಯೇ ಇರುವ ಡಿಎನ್ಎ ಗುಂಡಿ ಬದಲಾಗಿರಬಹುದು (ಸಿಸ್ ನಿಯಂತ್ರಣ), ಇಲ್ಲವೇ ಆ ಗುಂಡಿಯನ್ನು ಒತ್ತುವ, ಬೇರೆಡೆಯಿಂದ ಬರುವ ಪ್ರೋಟೀನು ಬದಲಾಗಿರಬಹುದು (ಟ್ರಾನ್ಸ್ ನಿಯಂತ್ರಣ). ಇವನ್ನು ಬೇರ್ಪಡಿಸಲು ಸಂಕರವೇ ಉತ್ತಮ ಉಪಕರಣ. ಅಪ್ಪನ ತಳಿಯಲ್ಲಿ ಪ್ರಮಾಣ 30, ಅಮ್ಮನ ತಳಿಯಲ್ಲಿ 10 ಎಂದಿಟ್ಟುಕೊಳ್ಳೋಣ. ಸಂಕರದ ಒಂದೇ ಜೀವಕೋಶದಲ್ಲಿ ಎರಡೂ ಪ್ರತಿಗಳು ಒಂದೇ ಪ್ರೋಟೀನುಗಳ ನಡುವೆ ಇರುತ್ತವೆ. ಅಲ್ಲಿಯೂ ಅಪ್ಪನ ಪ್ರತಿ ಮೂರು ಪಟ್ಟು ಕೆಲಸ ಮಾಡಿದರೆ ವ್ಯತ್ಯಾಸ ಗುಂಡಿಯದು. ಎರಡೂ ಸಮವಾದರೆ ವ್ಯತ್ಯಾಸ ಬೆರಳಿನದು. 2012ರಲ್ಲಿ ಪ್ರಕಟವಾದ, ಇಲಿಗಳ ಯಕೃತ್ತಿನ ಅಧ್ಯಯನವೊಂದು ಈ ವಿಧಾನದಿಂದ, ಅನೇಕ ವಂಶವಾಹಿಗಳಲ್ಲಿ ಸಿಸ್ ಮತ್ತು ಟ್ರಾನ್ಸ್ ಬದಲಾವಣೆಗಳು ಒಂದನ್ನೊಂದು ಸರಿದೂಗಿಸುವಂತೆ ವಿಕಾಸಗೊಂಡಿವೆ ಎಂದು ತೋರಿಸಿತು. ಹೊರಗೆ ಪ್ರಮಾಣ ಬದಲಾಗದಿದ್ದರೂ ಒಳಗಿನ ವ್ಯವಸ್ಥೆ ಬದಲಾಗಿರುತ್ತದೆ. ಇಂತಹ ಎರಡು ವ್ಯವಸ್ಥೆಗಳು ಸಂಕರದಲ್ಲಿ ಬೆರೆತಾಗ ಲೆಕ್ಕ ತಪ್ಪಬಹುದು. ಮಸ್ಕುಲಸ್ ಮತ್ತು ಡೊಮೆಸ್ಟಿಕಸ್‌ಗಳ ಕೆಲವು ಸಂಕರ ಗಂಡಿಲಿಗಳು ಬಂಜೆಯಾಗುವುದು ಪ್ರಸಿದ್ಧ ಉದಾಹರಣೆ. ಅದರಲ್ಲಿ ಪಿಆರ್‌ಡಿಎಂ9 ಎಂಬ ವಂಶವಾಹಿಯ ಪಾತ್ರವಿದೆ ಎಂದು 2009ರಲ್ಲಿ ಗುರುತಿಸಲಾಯಿತು.

ಮೈಸೂರಿನ ಸೈಟೋರೇಸ್‌ಗಳಲ್ಲಿಯೂ ವಂಶವಾಹಿ ಮಟ್ಟದ ಪರಿಶೀಲನೆ ನಡೆದಿದೆ. ರಾಮಚಂದ್ರ ಅವರ ತಂಡ 2013ರಲ್ಲಿ ಎಸ್ಒಡಿ1 ಮತ್ತು ಆರ್‌ಪಿಡಿ3 ಎಂಬ ಎರಡು ವಂಶವಾಹಿಗಳನ್ನು ಅಧ್ಯಯನ ಮಾಡಿ, ಸಂಕೀರ್ಣದ ಕೆಲವು ಸದಸ್ಯರಲ್ಲಿ ಶೀಘ್ರ ವಿಕಾಸ ನಡೆದಿದೆ ಎಂದು ವರದಿ ಮಾಡಿತು. ಆರ್‌ಪಿಡಿ3 ತಯಾರಿಸುವ ಕಿಣ್ವವು ಡಿಎನ್ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳನ್ನು ಮಾರ್ಪಡಿಸಿ ಇತರ ವಂಶವಾಹಿಗಳನ್ನು ಅಡಗಿಸುತ್ತದೆ. ಆದ್ದರಿಂದ ಅದರ ಬದಲಾವಣೆ ಅನೇಕ ವಂಶವಾಹಿಗಳ ನಿಯಂತ್ರಣವನ್ನು ತಟ್ಟಬಲ್ಲದು. 2014ರಲ್ಲಿ ಇದೇ ತಂಡ ಗಂಡುಗಳ ವೃಷಣದಲ್ಲಿ ವೀರ್ಯಾಣು ತಯಾರಿಗೆ ಬೇಕಾದ ವಂಶವಾಹಿಗಳನ್ನು ಚಾಲನೆಗೊಳಿಸುವ ‘ಏಲಿ’ ವಂಶವಾಹಿಯ ಭಿನ್ನತೆಯನ್ನು ಪ್ರಕಟಿಸಿತು. ಇಲಿಗಳಲ್ಲಿ ಸಂಕರದ ತೊಡಕು ಮೊದಲು ಕಾಣಿಸುವ ಅಂಗವೂ ವೃಷಣವೇ.

ವ್ಯಾಖ್ಯಾನದ ಪ್ರಶ್ನೆಗಳು

ಸಸ್ಯಗಳಲ್ಲಿ ಸಂಕರದಿಂದ ಹೊಸ ಪ್ರಭೇದ ಹುಟ್ಟುವುದು ಹೊಸ ವಿಷಯವಲ್ಲ. ಉತ್ತರ ಅಮೆರಿಕದ ಕೆಲವು ಕಾಡು ಸೂರ್ಯಕಾಂತಿ ಪ್ರಭೇದಗಳು ವರ್ಣತಂತುಗಳು ದ್ವಿಗುಣಗೊಳ್ಳದೆ ಹೀಗೆಯೇ ಹುಟ್ಟಿದವು. ಪ್ರಾಣಿಗಳಲ್ಲಿ ಇದು ಅಪರೂಪವೆಂದೇ ಬಹುಕಾಲ ನಂಬಲಾಗಿತ್ತು. ಹರಿಣಿ ಮತ್ತು ರಾಮಚಂದ್ರ 2003ರ ಲೇಖನದಲ್ಲಿ ಸೈಟೋರೇಸ್‌ಗಳನ್ನು ಮರುಸಂಯೋಜನೆಯ ಮೂಲಕ ಪ್ರಭೇದೋತ್ಪತ್ತಿಗೆ ಸಾಕ್ಷ್ಯವೆಂದು ಮಂಡಿಸಿದರು.

ಈ ವಾದವನ್ನು ಒಪ್ಪುವಾಗ ಎಚ್ಚರವೂ ಬೇಕು. ಸೈಟೋರೇಸ್‌ಗಳು ಸೀಸೆಯಲ್ಲಿ ಬೆಳೆದವು. ಅವುಗಳ ಸಮೂಹ ಚಿಕ್ಕದು. ಅಲ್ಲಿ ಆಕಸ್ಮಿಕ ಏರಿಳಿತ, ಒಳಸಂತಾನ, ಪ್ರಯೋಗಾಲಯದ ಆಹಾರಕ್ಕೆ ಹೊಂದಾಣಿಕೆ ಇವೂ ಬದಲಾವಣೆ ತರಬಲ್ಲವು. ಗಾತ್ರ ಕುಗ್ಗಿದ್ದು ಸಂಕರದ ಫಲವೋ ಸೀಸೆಯ ಫಲವೋ ಎಂಬುದನ್ನು, ಅದೇ ಸ್ಥಿತಿಯಲ್ಲಿ ಸಾಕಿದ ಶುದ್ಧ ತಳಿಗಳೊಂದಿಗೆ ಹೋಲಿಸಿಯೇ ನಿರ್ಧರಿಸಬೇಕು. ವರ್ಣತಂತು ವಿನ್ಯಾಸದ ವಿಷಯದಲ್ಲಿ ಮಾತ್ರ ಈ ಆಕ್ಷೇಪ ತಟ್ಟದು. ಗಂಡಿಗೆ 7, ಹೆಣ್ಣಿಗೆ 6 ಎಂಬ ವಿನ್ಯಾಸ ಎರಡು ಮೂಲ ತಳಿಗಳಲ್ಲಿ ಯಾವುದರದ್ದೂ ಅಲ್ಲ, ಸಂಕರವಿಲ್ಲದೆ ಅದು ಬರುವಂತೆಯೂ ಇಲ್ಲ.

ಹೆಸರಿನ ವಿಷಯದಲ್ಲಿಯೂ ಏಕಮತವಿಲ್ಲ. ಮೈಸೂರಿನ ಲೇಖನಗಳು ನಸೂಟ ಮತ್ತು ಆಲ್ಬೊಮಿಕನ್ಸ್‌ಗಳನ್ನು ಬಹುಮಟ್ಟಿಗೆ ಒಂದೇ ಪ್ರಭೇದದ ತಳಿಗಳೆಂದು ಕರೆದರೆ, ಅನುಕ್ರಮ ಆಧಾರಿತ ಇತ್ತೀಚಿನ ಬರಹಗಳು ಅವನ್ನು ಡ್ರೊಸೊಫಿಲ ನಸೂಟ ಮತ್ತು ಡ್ರೊಸೊಫಿಲ ಆಲ್ಬೊಮಿಕನ್ಸ್ ಎಂದು ಎರಡು ಪ್ರಭೇದಗಳಾಗಿಯೇ ಎಣಿಸುತ್ತವೆ. ಹಳೆಯ ಲೇಖನಗಳಲ್ಲಿ ‘ಆಲ್ಬೊಮಿಕಾನ’ ಎಂಬ ರೂಪವೂ ಕಾಣುತ್ತದೆ. ಎರಡೂ ಒಂದೇ ನೊಣದ ಹೆಸರುಗಳು.