ಯೆಜ್ಡಿಯ ಕಾರ್ಬುರೇಟರು ಮತ್ತು ಮಿತವ್ಯಯದ ವಿದ್ಯೆ

ಮೈಸೂರು ನಗರದಲ್ಲಿ 1961ರಲ್ಲಿ ಉತ್ಪಾದನೆಯನ್ನಾರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಅದರ ಮೋಟಾರುಸೈಕಲ್ಲುಗಳ ವೇಗವನ್ನೂ ಶಬ್ದಗಾಂಭೀರ್ಯವನ್ನೂ ಕೊಂಡಾಡಿ ವಿರಮಿಸುವರು. ಆದರೆ ಆ ಬಲಿಷ್ಠ ಯಂತ್ರಗಳನ್ನು ಅಲ್ಪ ಪೆಟ್ರೋಲಿನಲ್ಲಿ ಓಡಿಸುವುದಕ್ಕಾಗಿ ನಮ್ಮ ಸಣ್ಣ ಊರುಗಳ ಮೆಕ್ಯಾನಿಕ್ಕುಗಳು ಬೆಳೆಸಿಕೊಂಡ ವಿದ್ಯೆಯೂ ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯವೆಂದು ನನ್ನ ನಂಬಿಕೆ.

ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿ ಪಡೆದು ರುಸ್ತುಂ ಇರಾನಿ ಮತ್ತು ಫರೋಕ್ ಇರಾನಿಯವರು ಸ್ಥಾಪಿಸಿದ ಈ ಕಾರ್ಖಾನೆಯನ್ನು ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಅಲ್ಲಿ ಸಿದ್ಧವಾದ ಗಾಡಿಯ ಸಿಲಿಂಡರಿನ ವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ನಡೆ 75 ಮಿಲಿಮೀಟರು. ಎರಡನ್ನೂ ಲೆಕ್ಕಹಾಕಿದರೆ 250 ಸಿ.ಸಿ.ಗೆ ಕೂದಲೆಳೆಯಷ್ಟು ಕಡಿಮೆ. ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ತಳೆದು, 1978ರ ರೋಡ್‌ಕಿಂಗ್ ರೂಪದಲ್ಲಿ ಮದ್ರಾಸಿನ ಬಳಿಯ ಶೋಳಾವರದ ಮೋಟಾರು ಪಂದ್ಯಗಳಲ್ಲಿಯೂ ಓಡಿದ ಈ ಎಂಜಿನ್ನು ಬಲಕ್ಕಾಗಿ ಹುಟ್ಟಿದ್ದೇ ಹೊರತು ಉಳಿತಾಯಕ್ಕಾಗಿ ಅಲ್ಲ.

ಆದರೆ 1973ರ ಅಕ್ಟೋಬರಿನ ಅರಬ್ ತೈಲ ನಿರ್ಬಂಧದಿಂದ ಪೀಪಾಯಿಗೆ ಸುಮಾರು 3 ಡಾಲರಿದ್ದ ಕಚ್ಚಾತೈಲವು ಮರುವರ್ಷದ ಆರಂಭದಲ್ಲಿಯೇ 12 ಡಾಲರಿನ ಸಮೀಪಕ್ಕೇರಿದಾಗ, ಗಾಡಿಯ ಒಡೆಯನು ಮೆಕ್ಯಾನಿಕ್ಕಿನ ಮುಂದೆ ನಿಂತು ಕೇಳುವ ಮೊದಲ ಪ್ರಶ್ನೆಯೇ ಬದಲಾಯಿತು. ಪಿಕಪ್ಪಿನ ಸ್ಥಾನವನ್ನು ಮೈಲೇಜು ಆಕ್ರಮಿಸಿತು.

ಕಾರ್ಬುರೇಟರಿನಲ್ಲಿ ಗಾಳಿಯೊಡನೆ ಬೆರೆಯುವ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಅದರ ಒಂದು ತೂಕಕ್ಕೆ ಸುಮಾರು 14.7 ತೂಕದಷ್ಟು ಗಾಳಿ ಬೇಕು. ಪರಮಾವಧಿ ಬಲಕ್ಕೆ ಗಾಳಿಯ ಪಾಲು 13ರ ಸುತ್ತಮುತ್ತ ಇರಬೇಕು. ಉಳಿತಾಯಕ್ಕೆ 15, 16ರವರೆಗೆ ಏರಬಹುದು. ಈ ಅಲ್ಪಾಂತರವನ್ನು ಮಾಪಕವಿಲ್ಲದೆ ಸಾಧಿಸುವುದರಲ್ಲಿಯೇ ಕುಶಲತೆಯಿದ್ದಿತು. ಮೆಕ್ಯಾನಿಕ್ಕು ಮೊದಲು ಏರ್ ಫಿಲ್ಟರನ್ನು ಶುಚಿಗೊಳಿಸಿ, ಫ್ಲೋಟಿನ ಮಟ್ಟವನ್ನು ನೋಡಿ, ಇಗ್ನಿಷನ್ ಪಾಯಿಂಟಿನ ಸಂದನ್ನು ಸರಿಪಡಿಸಿ, ಆಮೇಲೆ ಮಾತ್ರ ಕಾರ್ಬುರೇಟರಿನ ಸೂಜಿಗೆ ಕೈಯಿಡುವನು. ಸೂಜಿಯ ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿದರೆ ಸೂಜಿ ಕೆಳಗಿಳಿದು ಪೆಟ್ರೋಲಿನ ಹರಿವು ತಗ್ಗುವುದು. ಅನಂತರ ಗಾಡಿಯನ್ನು ಓಡಿಸಿ ತಂದು, ಪ್ಲಗ್ಗನ್ನು ಬಿಚ್ಚಿ, ಅದರ ಬಣ್ಣವನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವನು: ಕರಿ ಮಸಿಯಾದರೆ ಪೆಟ್ರೋಲು ಹೆಚ್ಚು, ಬೂದುಬಿಳುಪಾದರೆ ಕಡಿಮೆ, ತಿಳಿಗಂದು ಬಣ್ಣವಾದರೆ ಹದ.

ಈ ಹದವನ್ನು ಮೀರಿದ ಲೋಭಕ್ಕೆ ಶಿಕ್ಷೆ ಕಠಿಣವಾಗಿದ್ದಿತು. ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್ನಾದುದರಿಂದ ಪಿಸ್ಟನ್ನಿಗೆ ಬೇಕಾದ ಆಯಿಲು ಪೆಟ್ರೋಲಿನೊಡನೆಯೇ ಬೆರೆತು ಬರತಕ್ಕದ್ದು. ಪೆಟ್ರೋಲನ್ನು ಅತಿಯಾಗಿ ಕಡಿತಗೊಳಿಸಿದರೆ ಆಯಿಲೂ ಕಡಿಮೆಯಾಗಿ, ಶಾಖವೇರಿ, ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ನು ಸೀಜ್ ಆಗುವುದು. ನಮ್ಮ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುವುದು. ಕುಡುಮಲಕುಂಟೆ, ಗೌರಿಬಿದನೂರುಗಳ ಬಯಲು ಸಮುದ್ರಮಟ್ಟದಿಂದ ಸುಮಾರು 700 ಮೀಟರು ಎತ್ತರದಲ್ಲಿದ್ದರೆ ನಂದಿಬೆಟ್ಟದ ನೆತ್ತಿ 1478 ಮೀಟರು. ಮೇಲೇರಿದಂತೆ ಗಾಳಿ ತೆಳುವಾಗಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ತಾನಾಗಿಯೇ ಹೆಚ್ಚುವುದು. ಬೆಟ್ಟದ ಮೇಲೆ ಹದಗೊಳಿಸಿದ ಸೂಜಿಯನ್ನು ಹಾಗೆಯೇ ಬಿಟ್ಟು ಬಯಲಿನ ಬಿಸಿಲಿನಲ್ಲಿ ಗಾಡಿಯನ್ನು ಓಡಿಸುವವನು ಎಂಜಿನ್ನನ್ನು ಅಪಾಯಕ್ಕೊಡ್ಡುವನು. ಆದುದರಿಂದ ಅನುಭವಿಯಾದ ಮೆಕ್ಯಾನಿಕ್ಕು ಗಾಡಿ ಓಡುವ ರಸ್ತೆಯನ್ನು ವಿಚಾರಿಸಿಯೇ ಟ್ಯೂನಿಂಗ್ ಮಾಡುತ್ತಿದ್ದನು.

1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100 ಮೊದಲಾದ 100 ಸಿ.ಸಿ. ಗಾಡಿಗಳು ಮೈಲೇಜಿನ ಪ್ರಶ್ನೆಗೆ ಸುಲಭವಾದ ಉತ್ತರವಿತ್ತವು. 2020ರ ಏಪ್ರಿಲಿನಲ್ಲಿ ಬಂದ ಭಾರತ್ ಸ್ಟೇಜ್ ಆರರ ಹೊಗೆ ನಿಯಮದೊಡನೆ ಹೊಸ ಗಾಡಿಗಳಲ್ಲಿ ಕಾರ್ಬುರೇಟರಿನ ಯುಗವು ಬಹುಮಟ್ಟಿಗೆ ಮುಗಿದು ಆ ಕೆಲಸ ಇಂಧನ ಇಂಜೆಕ್ಷನ್ನಿನ ಪಾಲಾಯಿತು. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವನ್ನಾಚರಿಸಿ ಹಳೆಯ ಗಾಡಿಗಳನ್ನು ಬೀದಿಗಿಳಿಸುವ ಅಭಿಮಾನಿಗಳಲ್ಲಿ ನನ್ನದೊಂದು ವಿಜ್ಞಾಪನೆ: ಗಾಡಿಗೆ ಬಣ್ಣ ಬಳಿಸಿ ಹೊಳಪೇರಿಸುವ ಶ್ರದ್ಧೆಯಲ್ಲಿ ಸ್ವಲ್ಪವನ್ನಾದರೂ ಮೀಸಲಿಟ್ಟು, ನಿಮ್ಮೂರಿನ ವೃದ್ಧ ಮೆಕ್ಯಾನಿಕ್ಕಿನ ಬಳಿ ಕುಳಿತು, ಆತನು ಬಲ್ಲ ಹದವನ್ನು ಕೇಳಿ ಕನ್ನಡದಲ್ಲಿ ಬರೆದಿಡಿರಿ.